ಹಳೆಯ ಹೆಸರು, ಹೊಸ ಹಕ್ಕು

533ರ ಜನವರಿಯಲ್ಲಿ ರೋಮಿನ ಬಿಷಪ್ ಆದವನ ಹೆಸರೇ ಒಂದು ತೊಡಕಾಗಿತ್ತು. ಅವನು ಮರ್ಕ್ಯೂರಿಯಸ್. ಹಳೆಯ ರೋಮನ್ನರ ದೇವತೆಯ ಹೆಸರು ಹೊತ್ತವನು ಸಂತ ಪೇತ್ರನ ಪೀಠದಲ್ಲಿ ಕೂರುವುದು ಸರಿಯಲ್ಲವೆಂದು ಅವನು ಎರಡನೆಯ ಜಾನ್ ಆದ. ಇಲ್ಲಿ ಗಮನಿಸಬೇಕಾದದ್ದು ಅವನು ಕಳಚಿಟ್ಟ ಹೆಸರಿಗಿಂತ ತೊಟ್ಟ ಹೆಸರು. ಏಳು ವರ್ಷಗಳ ಹಿಂದೆ, 526ರಲ್ಲಿ, ಮೊದಲನೆಯ ಜಾನ್ ಗೋಥರ ದೊರೆ ಥಿಯೊಡೊರಿಕನ ಸೆರೆಯಲ್ಲಿ ಸತ್ತಿದ್ದ. ಜನ ಅವನನ್ನು ಹುತಾತ್ಮನೆಂದು ಗೌರವಿಸುತ್ತಿದ್ದರು. ಹೆಸರು ಬದಲಿಸಿದ ಮೊದಲ ಪೋಪನೇ ಹೀಗೆ ಒಬ್ಬ ನಿರ್ದಿಷ್ಟ ಪೂರ್ವಜನ ಕೈ ಹಿಡಿದ. ಮುಂದಿನ ಸಾವಿರದೈನೂರು ವರ್ಷಗಳ ಪಟ್ಟಿಯನ್ನು ಇದೇ ಕಣ್ಣಿನಿಂದ ಓದಬಹುದು ಎಂಬುದು ನನ್ನ ವಾದ. ಪೋಪ್ ತೊಡುವ ಲ್ಯಾಟಿನ್ ಹೆಸರು ಗತಕಾಲದ ಒಂದು ತುಂಡಿನ ಮೇಲೆ ಹೂಡುವ ಹಕ್ಕು. ಹೆಸರಿಗೆ ಅಂಟಿಕೊಳ್ಳುವ ಸಂಖ್ಯೆ ಆ ಹಕ್ಕಿನ ವ್ಯಾಜ್ಯದಲ್ಲಿ ಗೆದ್ದವರು ಬರೆದ ತೀರ್ಪು, ಅಥವಾ ಕೆಲವೊಮ್ಮೆ ಬರೀ ಗುಮಾಸ್ತನ ತಪ್ಪು.

ಮರ್ಕ್ಯೂರಿಯಸನ ಮಾದರಿ ಕೂಡಲೇ ರೂಢಿಯಾಗಲಿಲ್ಲ. ಹೆಸರು ಬದಲಿಸುವುದು ಸಾಮಾನ್ಯವಾದದ್ದು ಹತ್ತನೆಯ ಶತಮಾನದ ಕೊನೆಗೆ. 983ರಲ್ಲಿ ಆಯ್ಕೆಯಾದ ಪೇತ್ರನೆಂಬ ಬಿಷಪ್ ಪ್ರೇಷಿತ ಪೇತ್ರನ ಹೆಸರಿನಲ್ಲಿ ಆಳಲು ಅಂಜಿ ಹದಿನಾಲ್ಕನೆಯ ಜಾನ್ ಆದ. ಆ ಅಂಜಿಕೆ ಇಂದಿಗೂ ಹಾಗೆಯೇ ಇದೆ, ಎರಡನೆಯ ಪೇತ್ರ ಪಟ್ಟಿಯಲ್ಲಿ ಇಲ್ಲ. ಆದರೆ ಹೆಸರಿನ ರಾಜಕೀಯ ಬೆಳಕಿಗೆ ಬರುವುದು 999ರಲ್ಲಿ. ಅಬಾಕಸ್ ಬಲ್ಲ, ಅರಬ್ಬರ ಮೂಲಕ ಬಂದ ಅಂಕಿಗಳನ್ನು ಬಲ್ಲ ಫ್ರಾನ್ಸಿನ ವಿದ್ವಾಂಸ ಗೆರ್ಬರ್ಟ್ ಆ ವರ್ಷ ಎರಡನೆಯ ಸಿಲ್ವೆಸ್ಟರ್ ಆದ. ಅವನನ್ನು ಪೀಠಕ್ಕೆ ತಂದವನು ಅವನ ಶಿಷ್ಯಸಮಾನನಾದ ಯುವ ಚಕ್ರವರ್ತಿ ಮೂರನೆಯ ಒಟ್ಟೊ. ಮೊದಲನೆಯ ಸಿಲ್ವೆಸ್ಟರ್ 314ರಿಂದ 335ರವರೆಗೆ, ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಲ್ಲಿ, ರೋಮಿನ ಬಿಷಪ್ ಆಗಿದ್ದವನು. ಚಕ್ರವರ್ತಿಗೆ ದೀಕ್ಷಾಸ್ನಾನ ಮಾಡಿಸಿದವನು ಅವನೇ ಎಂದು ಐತಿಹ್ಯ. ಎರಡನೆಯ ಸಿಲ್ವೆಸ್ಟರ್ ಇದ್ದರೆ ಪಕ್ಕದಲ್ಲಿ ಎರಡನೆಯ ಕಾನ್‌ಸ್ಟಂಟೈನ್ ಇರಲೇಬೇಕಲ್ಲ! ಇನ್ನೂ ರಂಜಕವಾದ ಸಂಗತಿಯೊಂದಿದೆ. ಕಾನ್‌ಸ್ಟಂಟೈನ್ ಪಶ್ಚಿಮದ ಅಧಿಕಾರವನ್ನೆಲ್ಲ ಸಿಲ್ವೆಸ್ಟರನಿಗೆ ದಾನ ಕೊಟ್ಟನೆಂಬ ಪತ್ರವನ್ನು ಇದೇ ಒಟ್ಟೊ 1001ರ ತನ್ನ ಶಾಸನವೊಂದರಲ್ಲಿ ಸುಳ್ಳೆಂದು ತಳ್ಳಿಹಾಕಿದ. ಪೋಪನಿಗೆ ಅನುಕೂಲವಾದ ದಾನಪತ್ರ ಬೇಡ, ಚಕ್ರವರ್ತಿಗೆ ಅನುಕೂಲವಾದ ಜೋಡಿಹೆಸರು ಬೇಕು! ಗತಕಾಲದಿಂದ ಏನನ್ನು ಆರಿಸಿಕೊಳ್ಳಬೇಕು ಎಂಬುದನ್ನು ಅವರು ಲೆಕ್ಕ ಹಾಕಿಯೇ ನಿರ್ಧರಿಸುತ್ತಿದ್ದರು.

ಒಂದು ಉದಾಹರಣೆಯಿಂದ ವಾದ ನಿಲ್ಲುವುದಿಲ್ಲ. ಮುಂದಿನ ನೂರು ವರ್ಷ ನೋಡಬೇಕು. 1046ರಲ್ಲಿ ಜರ್ಮನಿಯ ದೊರೆ ಮೂರನೆಯ ಹೆನ್ರಿ ರೋಮಿನ ಪೀಠಕ್ಕಾಗಿ ಕಚ್ಚಾಡುತ್ತಿದ್ದ ಮೂವರನ್ನೂ ಬದಿಗೆ ಸರಿಸಿ ಬಾಂಬೆರ್ಗ್‌ನ ಬಿಷಪನನ್ನು ಕೂರಿಸಿದ. ಅವನು ಎರಡನೆಯ ಕ್ಲೆಮೆಂಟ್ ಆದ. ಅವನಿಂದ 1144ರಲ್ಲಿ ಬಂದ ಎರಡನೆಯ ಲೂಸಿಯಸನವರೆಗೆ ಹೊಸದಾಗಿ ಪೀಠವೇರಿದ 17 ಪೋಪರಲ್ಲಿ 13 ಮಂದಿ ‘ಎರಡನೆಯ’ವರೇ: ದಮಾಸಸ್, ವಿಕ್ಟರ್, ಅಲೆಕ್ಸಾಂಡರ್, ಅರ್ಬನ್, ಗೆಲಾಸಿಯಸ್, ಕ್ಯಾಲಿಕ್ಸ್‌ಟಸ್, ಇನ್ನೊಸೆಂಟ್, ಸೆಲೆಸ್ಟೀನ್ ಹೀಗೆ. ಈ 13ರಲ್ಲಿ 10 ಹೆಸರುಗಳು ಧರ್ಮಸಭೆಯ ಮೊದಲ ಐದು ಶತಮಾನಗಳವು. ಪಾದ್ರಿಗಿರಿಯ ಮಾರಾಟವನ್ನೂ ಪಾದ್ರಿಗಳ ಸಂಸಾರವನ್ನೂ ವಿರೋಧಿಸಿ, ಆದಿಕಾಲದ ಶುದ್ಧಿಗೆ ಮರಳುತ್ತೇವೆ ಎಂದು ಹೊರಟ ಸುಧಾರಣೆಯ ಕಾಲವದು. ಇದನ್ನು ಆಕಸ್ಮಿಕ ಎನ್ನುವವರು ಬಿಟ್ಟುಹೋದ ಹೆಸರುಗಳನ್ನೂ ನೋಡಬೇಕು. ಅದಕ್ಕೆ ಮುಂಚಿನ ನೂರು ಚಿಲ್ಲರೆ ವರ್ಷಗಳಲ್ಲಿ ರೋಮಿನ ಸಿರಿವಂತ ಮನೆತನಗಳು ತಮ್ಮವರನ್ನು ಪೀಠದಲ್ಲಿ ಕೂರಿಸುತ್ತಿದ್ದಾಗ ಜಾನ್, ಬೆನೆಡಿಕ್ಟ್ ಎಂಬ ಹೆಸರುಗಳದ್ದೇ ಸುಗ್ಗಿ. ಹತ್ತೊಂಬತ್ತನೆಯ ಜಾನ್ 1032ರಲ್ಲಿ ತೀರಿಕೊಂಡ ಮೇಲೆ ಆ ಹೆಸರನ್ನು ಇನ್ನೊಬ್ಬ ಪೋಪ್ ಮುಟ್ಟಿದ್ದು 1276ರಲ್ಲಿ. ಅದೇ ಸಿರಿವಂತ ಮನೆತನಗಳ ಬಣ 1058ರಲ್ಲಿ ಹತ್ತನೆಯ ಬೆನೆಡಿಕ್ಟನನ್ನು ನಿಲ್ಲಿಸಿ ಸೋತಿತು. ಹನ್ನೊಂದನೆಯವನಿಗಾಗಿ 1303ರವರೆಗೆ ಕಾಯಬೇಕಾಯಿತು. ತಲೆಮಾರುಗಟ್ಟಲೆ ಎಲ್ಲರೂ ಒಂದು ಹೆಸರಿನಿಂದ ದೂರ ಉಳಿಯುವುದು ಬರೀ ಅಭಿರುಚಿಯ ಮಾತಾಗಿರಲಾರದು.

ಎದುರಾಳಿಗಳಿಗೂ ಈ ಭಾಷೆ ಬರುತ್ತಿತ್ತು. ಏಳನೆಯ ಗ್ರೆಗರಿಯ ಜೊತೆ ಜಗಳಕ್ಕೆ ಬಿದ್ದ ನಾಲ್ಕನೆಯ ಹೆನ್ರಿ 1080ರಲ್ಲಿ ರವೆನ್ನಾದ ಆರ್ಚ್‌ಬಿಷಪ್ ವಿಬರ್ಟನನ್ನು ಪ್ರತಿ-ಪೋಪ್ ಆಗಿ ಆರಿಸಿದಾಗ ಅವನು ತೊಟ್ಟ ಹೆಸರು ಮೂರನೆಯ ಕ್ಲೆಮೆಂಟ್. ತಂದೆ ಕೂರಿಸಿದವನು ಎರಡನೆಯ ಕ್ಲೆಮೆಂಟ್, ಮಗ ಕೂರಿಸಿದವನು ಮೂರನೆಯವನು: ಪೋಪರನ್ನು ನೇಮಿಸುವುದು ನಮ್ಮ ವಂಶದ ಹಕ್ಕು ಎಂದು ಸಾರಲು ಇದಕ್ಕಿಂತ ಹೆಚ್ಚು ಮಾತು ಬೇಕಿಲ್ಲ. ರೋಮಿನ ಉತ್ತರ 1187ರಲ್ಲಿ ಬಂತು. ಆ ವರ್ಷ ಆಯ್ಕೆಯಾದ ಪೋಪ್ ಕೂಡ ಮೂರನೆಯ ಕ್ಲೆಮೆಂಟ್ ಎಂದೇ ಕರೆಸಿಕೊಂಡ, ವಿಬರ್ಟ್ ಇರಲೇ ಇಲ್ಲವೆಂಬಂತೆ. 1378ರಲ್ಲಿ ಶುರುವಾದ, ರೋಮಿನಲ್ಲೂ ಆವಿನ್ಯೋನಿನಲ್ಲೂ ಬೇರೆ ಬೇರೆ ಪೋಪರಿದ್ದ ಮಹಾಭೇದದ ಆವಿನ್ಯೋನ್ ಪೋಪರಿಗೂ ಇದೇ ಗತಿ. ಅವರಲ್ಲಿ ಒಬ್ಬ ಏಳನೆಯ ಕ್ಲೆಮೆಂಟ್, ಇನ್ನೊಬ್ಬ ಹದಿಮೂರನೆಯ ಬೆನೆಡಿಕ್ಟ್. ಮೊದಲಿನ ಸಂಖ್ಯೆಯನ್ನು 1523ರಲ್ಲಿ ಮೆಡಿಚಿ ಮನೆತನದವನು ನಿರಾತಂಕವಾಗಿ ಮತ್ತೆ ತೊಟ್ಟ. 1724ರ ಬೆನೆಡಿಕ್ಟ್ ಮೊದಲು ಹದಿನಾಲ್ಕನೆಯವನೆನಿಸಿಕೊಂಡು, ಆಮೇಲೆ ತಿದ್ದಿಕೊಂಡು ಹದಿಮೂರನೆಯವನಾದ. ಎಲ್ಲ ಕಡೆಯೂ ಇಷ್ಟು ಖಚಿತವಾದ ತೀರ್ಪು ಸಿಗುವುದಿಲ್ಲ, ನಿಜ. 1409ರಲ್ಲಿ ಪೀಸಾದಲ್ಲಿ ಆಯ್ಕೆಯಾದ ಐದನೆಯ ಅಲೆಕ್ಸಾಂಡರ್ ಇಂದಿನ ಪಟ್ಟಿಯಲ್ಲಿಲ್ಲ, ಆದರೂ 1492ರ ಬೋರ್ಜಿಯಾ ಆರನೆಯ ಅಲೆಕ್ಸಾಂಡರ್ ಆಗಿಯೇ ಉಳಿದ. ಇನ್ನು ಇಪ್ಪತ್ತನೆಯ ಜಾನ್ ಎಂಬ ಪೋಪನೇ ಇಲ್ಲ. ಮಧ್ಯಯುಗದ ಪಟ್ಟಿಕಾರರು ಹದಿನಾಲ್ಕನೆಯ ಜಾನನನ್ನು ಎರಡು ಸಲ ಎಣಿಸಿದ್ದರಿಂದ 1276ರವನು ನೇರವಾಗಿ ಇಪ್ಪತ್ತೊಂದಕ್ಕೆ ಹಾರಿದ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ.

ನವೋದಯದ ಕಾಲಕ್ಕೆ ಪೂರ್ವಜರು ಕ್ರೈಸ್ತರೇ ಆಗಿರಬೇಕೆಂಬ ನಿಯಮವೂ ಸಡಿಲವಾಯಿತು. 1458ರಲ್ಲಿ ಪೋಪ್ ಆದ ಕವಿ, ವಿದ್ವಾಂಸ ಈನಿಯಸ್ ಸಿಲ್ವಿಯಸ್ ಪಿಕ್ಕೊಲೊಮಿನಿ ಎರಡನೆಯ ಪಯಸ್ ಆದ. ಮೊದಲನೆಯ ಪಯಸ್ ಎರಡನೆಯ ಶತಮಾನದವನು, ಹೆಚ್ಚೇನೂ ಗೊತ್ತಿಲ್ಲದವನು. ಆದರೆ ವರ್ಜಿಲನ ಮಹಾಕಾವ್ಯದ ನಾಯಕ ಈನಿಯಸನಿಗೆ ಅಂಟಿದ ವಿಶೇಷಣ ‘ಪಯಸ್’ ಎಂಬುದು ಅಂದಿನ ಓದುಬಲ್ಲವರಿಗೆಲ್ಲ ಗೊತ್ತು. 1503ರಲ್ಲಿ ಬಂದ ಎರಡನೆಯ ಜೂಲಿಯಸ್ ಸೈನ್ಯದೊಂದಿಗೆ ತಾನೇ ಹೊರಟು ಬೊಲೊನ್ಯಾ ಹಿಡಿದು, 1507ರಲ್ಲಿ ವಿಜಯೋತ್ಸವದೊಂದಿಗೆ ರೋಮಿಗೆ ಮರಳಿದಾಗ ಸಮಕಾಲೀನರಿಗೆ ನೆನಪಾದದ್ದು ನಾಲ್ಕನೆಯ ಶತಮಾನದ ಪೋಪ್ ಜೂಲಿಯಸನಲ್ಲ, ಸೀಸರ್. ಅವನ ಹುಟ್ಟುಹೆಸರೇ ಜೂಲಿಯಾನೊ ಆಗಿತ್ತಲ್ಲ ಎಂದು ಆಕ್ಷೇಪಿಸಬಹುದು. ಇರಲಿ, ಜೂಲಿಯನ್ ಎಂದು ಇಟ್ಟುಕೊಳ್ಳುವುದಕ್ಕೆ ಅಡ್ಡಿಯೇನೂ ಇರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ. 16ನೆಯ ಶತಮಾನದಿಂದೀಚೆಗೆ ಬಹಳಷ್ಟು ಪೋಪರು ತಮ್ಮನ್ನು ಕಾರ್ಡಿನಲ್ ಮಾಡಿದವರ ಹೆಸರನ್ನೇ ತೊಟ್ಟರು. ಇದು ಬರೀ ಕೃತಜ್ಞತೆ, ಇತಿಹಾಸದ ಮೇಲಿನ ಹಕ್ಕಲ್ಲ ಎನ್ನಬಹುದು. ಕೃತಜ್ಞತೆ ಹೌದು, ಆದರೆ ಒಬ್ಬ ಪೋಪ್ ಮಾಡಿದ ಕಾರ್ಡಿನಲ್‌ಗಳೆಲ್ಲ ಮುಂದಿನ ಚುನಾವಣೆಯಲ್ಲಿ ಒಂದು ಬಣವಾಗಿ ನಿಲ್ಲುತ್ತಿದ್ದರು. ಸತ್ತ ಒಡೆಯನ ಹೆಸರು ಆ ಬಣದ ಬಾವುಟ. ಹೆಸರು ಮುಂದಿನ ನಡೆಯನ್ನು ಹೇಳಿಬಿಡುತ್ತದೆ ಎಂದು ಮಾತ್ರ ನಾನು ಹೇಳಲಾರೆ. ಹದಿಮೂರನೆಯ ಕ್ಲೆಮೆಂಟ್ 1765ರಲ್ಲಿ ಜೆಸ್ವಿತರ ಬೆನ್ನಿಗೆ ನಿಂತರು. ಅವರಿಂದಲೇ ಕಾರ್ಡಿನಲ್ ಆಗಿ ಅವರ ಹೆಸರನ್ನೇ ತೊಟ್ಟ ಹದಿನಾಲ್ಕನೆಯ ಕ್ಲೆಮೆಂಟ್ 1773ರಲ್ಲಿ ಜೆಸ್ವಿತ್ ಸಭೆಯನ್ನೇ ವಿಸರ್ಜಿಸಿದರು. ಶ್ರೀರಂಗಪಟ್ಟಣದ ಸೀಮೆಯಲ್ಲಿ 17ನೆಯ ಶತಮಾನದಿಂದ ನಡೆದುಬಂದು ಆಗಲೇ ಸೊರಗಿದ್ದ ಜೆಸ್ವಿತರ ಮೈಸೂರು ಮಿಷನ್ನಿಗೂ ಆ ಆಜ್ಞೆಯ ಏಟು ಬಿತ್ತು. ಹಕ್ಕು ಹೂಡಿದವರೆಲ್ಲ ಆಸ್ತಿಯನ್ನು ಹಳೆಯ ರೀತಿಯಲ್ಲೇ ನೋಡಿಕೊಳ್ಳುತ್ತಾರೆಂದೇನಿಲ್ಲ.

1958ರಲ್ಲಿ ಆಯ್ಕೆಯಾದ ರೊಂಕಾಲ್ಲಿ ತಮ್ಮ ತಂದೆಯ ಹೆಸರೂ ದೀಕ್ಷಾಸ್ನಾನವಾದ ಊರಿನ ಚರ್ಚಿನ ಹೆಸರೂ ಅದೇ ಎಂದು ಹೇಳಿ ಜಾನ್ ಆದರು. ಕಾರಣ ಖಾಸಗಿ, ಆದರೆ ಇಪ್ಪತ್ಮೂರು ಎಂಬ ಸಂಖ್ಯೆ ಖಾಸಗಿಯಲ್ಲ: 1410ರಲ್ಲಿ ಪೀಸಾ ಬಣ ಆರಿಸಿದ ಇಪ್ಪತ್ಮೂರನೆಯ ಜಾನನನ್ನು ಅದು ಪಟ್ಟಿಯಿಂದ ಹೊರಹಾಕಿತು. 2025ರ ಮೇ 8ರಂದು ಪ್ರಿವೋಸ್ಟ್ ಹದಿನಾಲ್ಕನೆಯ ಲಿಯೊ ಆದಾಗ ಇನ್ನೊಂದು ಪ್ರಶ್ನೆ ಎದ್ದಿತು: ಹದಿಮೂರು ಲಿಯೊಗಳಲ್ಲಿ ಯಾರ ವಾರಸುದಾರ? ಹೂಣರ ಅಟಿಲನನ್ನು ಎದುರುಗೊಂಡವನೂ, ಲೂಥರನನ್ನು ಬಹಿಷ್ಕರಿಸಿದವನೂ ಲಿಯೊಗಳೇ. ಉತ್ತರವನ್ನು ಊಹೆಗೆ ಬಿಡದೆ, ಎರಡೇ ದಿನಗಳಲ್ಲಿ ಅವರು ಕಾರ್ಡಿನಲ್‌ಗಳ ಮುಂದೆ ಹದಿಮೂರನೆಯ ಲಿಯೊ ಅವರನ್ನು ಹೆಸರಿಸಿದರು. ಕಾರ್ಮಿಕರ ಕೂಲಿ, ಸಂಘಟನೆಯ ಹಕ್ಕುಗಳ ಬಗ್ಗೆ 1891ರಲ್ಲಿ ‘ರೇರುಂ ನೋವಾರುಂ’ ಎಂಬ ವಿಶ್ವಪರಿಪತ್ರ ಹೊರಡಿಸಿದವರು ಅವರು. ಕೃತಕ ಬುದ್ಧಿಮತ್ತೆ ದುಡಿಮೆಯ ಮುಂದಿಡುವ ಸವಾಲು ಅದೇ ಬಗೆಯದು ಎಂಬುದು ಹೊಸ ಪೋಪರ ಸಮರ್ಥನೆ. ಅದೇ ಹದಿಮೂರನೆಯ ಲಿಯೊ, ವಿಸರ್ಜನೆಯ ನಂತರ ಮತ್ತೆ ಸ್ಥಾಪನೆಗೊಂಡಿದ್ದ ಜೆಸ್ವಿತರನ್ನು 1878ರಲ್ಲಿ ಮಂಗಳೂರಿಗೆ ಕಳಿಸಿದವರು. 1880ರಲ್ಲಿ ಅಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾದದ್ದು ಆ ತಂಡದಿಂದ. ಕರಾವಳಿಯ ಕ್ಯಾಥೋಲಿಕರಿಗೆ ಲಿಯೊ ಎಂದರೆ ಕಾರ್ಮಿಕರ ಪತ್ರಕ್ಕಿಂತ ಮೊದಲು ನೆನಪಾಗಬಹುದಾದದ್ದು ಈ ಕಾಲೇಜು.