ಶಿಖರದ ದಾರಿಯಲ್ಲಿ ಉಳಿದವರು

ಎವರೆಸ್ಟ್ ಎಂದೊಡನೆ ನಮಗೆ ನೆನಪಾಗುವ ಹೆಸರುಗಳು ತೇನ್‌ಸಿಂಗ್ ಮತ್ತು ಹಿಲರಿ. 1953ರ ಮೇ 29ರಂದು ಅವರು ಶಿಖರವನ್ನು ಮೆಟ್ಟಿದ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೆ 31 ವರ್ಷಗಳ ಹಿಂದೆ ಅದೇ ಪರ್ವತದಲ್ಲಿ ಮಡಿದ ಏಳು ಮಂದಿಯನ್ನು ನೆನೆಯುವವರು ವಿರಳ.

1922ರಲ್ಲಿ ನೇಪಾಳವು ಪರದೇಶೀಯರಿಗೆ ಪ್ರವೇಶ ಕೊಡುತ್ತಿರಲಿಲ್ಲ. ಆದ್ದರಿಂದ ಜನರಲ್ ಬ್ರೂಸ್ ನಾಯಕತ್ವದ ಬ್ರಿಟಿಷ್ ತಂಡವು ಡಾರ್ಜಿಲಿಂಗಿನಿಂದ ಹೊರಟು, ಟಿಬೆಟ್ಟಿನ ಮೂಲಕ ಸುತ್ತಿಬಳಸಿ ಪರ್ವತದ ಉತ್ತರದ ಬದಿಯನ್ನು ಸೇರಿತು. ಮೇ 21ರಂದು ಮ್ಯಾಲರಿ, ನಾರ್ಟನ್ ಮತ್ತು ಸಾಮರ್‌ವೆಲ್ ಆಮ್ಲಜನಕದ ನೆರವಿಲ್ಲದೆ ಸುಮಾರು 8,225 ಮೀಟರ್ ಏರಿದರು. ಆರು ದಿನಗಳ ತರುವಾಯ ಫಿಂಚ್ ಮತ್ತು ಜೆಫ್ರಿ ಬ್ರೂಸ್ ಆಮ್ಲಜನಕದ ಸಿಲಿಂಡರುಗಳನ್ನು ಹೊತ್ತು ಸುಮಾರು 8,320 ಮೀಟರ್ ತಲುಪಿದರು. ಯಾವ ಪರ್ವತಾರೋಹಿಯೂ ಅದುವರೆಗೆ ಅಷ್ಟು ಎತ್ತರಕ್ಕೆ ಏರಿರಲಿಲ್ಲ.

ಅಲ್ಲಿಗೇ ತೃಪ್ತರಾಗಿ ಹಿಂದಿರುಗಬಹುದಿತ್ತು. ಮುಂಗಾರು ಸಮೀಪಿಸಿ ಹೊಸ ಹಿಮ ಬಿದ್ದಿತ್ತು. ಆದರೂ ಮೂರನೆಯ ಪ್ರಯತ್ನ ನಡೆಯಿತು. ಜೂನ್ 7ರಂದು ನಾರ್ತ್ ಕೋಲ್ ಎಂಬ ಏಣಿನ ಕಡೆಗೆ ಮ್ಯಾಲರಿ, ಸಾಮರ್‌ವೆಲ್, ಕ್ರಾಫರ್ಡ್ ಹಾಗೂ 14 ಮಂದಿ ಹೊರೆಯಾಳುಗಳು ಹಗ್ಗಗಳನ್ನು ಕಟ್ಟಿಕೊಂಡು ಏರುತ್ತಿದ್ದಾಗ ಇಳಿಜಾರಿನ ಹಿಮವೇ ಜಾರಿತು. ಮುಂದಿದ್ದ ಬ್ರಿಟಿಷರು ಹಿಮದಿಂದ ಎದ್ದು ಬಂದರು. ಹಿಂದಿದ್ದ ಒಂಬತ್ತು ಹೊರೆಯಾಳುಗಳು ಕೆಳಗಿನ ಹಿಮದ ಬಿರುಕಿಗೆ ಬಿದ್ದರು. ಇಬ್ಬರನ್ನಷ್ಟೇ ಜೀವಸಹಿತ ಹೊರತೆಗೆಯಲಾಯಿತು. ಎವರೆಸ್ಟ್ ಆರೋಹಣದಲ್ಲಿ ದಾಖಲಾದ ಮೊದಲ ಸಾವುಗಳು ಇವೇ.

ಮ್ಯಾಲರಿ ತನ್ನನ್ನೇ ದೂಷಿಸಿಕೊಂಡ. ಸತ್ತವರಲ್ಲಿ ಒಬ್ಬ ಬ್ರಿಟಿಷನೂ ಇಲ್ಲವಲ್ಲ ಎಂಬ ನೋವು ಸಾಮರ್‌ವೆಲ್‌ನನ್ನು ಕಾಡಿತು. ವೃತ್ತಿಯಿಂದ ಶಸ್ತ್ರವೈದ್ಯನಾಗಿದ್ದ ಆತ ಅದೇ ವರ್ಷ ಭಾರತವನ್ನು ಸುತ್ತುತ್ತ ತಿರುವಾಂಕೂರು ಸಂಸ್ಥಾನದ ನೆಯ್ಯೂರಿಗೆ ಬಂದ. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ಕಿಕ್ಕಿರಿದ ರೋಗಿಗಳನ್ನು ಕಂಡು, ಲಂಡನ್ನಿನಲ್ಲಿ ಕಾದಿದ್ದ ಭವಿಷ್ಯವನ್ನು ಬಿಟ್ಟು, ದಶಕಗಳ ಕಾಲ ದಕ್ಷಿಣ ಭಾರತದಲ್ಲೇ ದುಡಿದ. ಆ ದುರಂತವೇ ಇದಕ್ಕೆ ಕಾರಣವೆಂದು ನಾನು ಹೇಳಲಾರೆ. ಆದರೆ ಎವರೆಸ್ಟ್ ಏರಿದವರ ಬಾಳಿನಲ್ಲಿ ಇಷ್ಟು ಘನವಾದ ಪುಟ ಮತ್ತೊಂದು ಇರಲಾರದು ಎಂದು ನನಗೆ ಅನಿಸುತ್ತದೆ.

2014ರ ಏಪ್ರಿಲ್ 18ರಂದು ಎವರೆಸ್ಟಿನ ನೇಪಾಳದ ಬದಿಯಲ್ಲಿ ಹಿಮ ಕುಸಿದು 16 ಮಂದಿ ನೇಪಾಳಿಗಳು ಸತ್ತರು. ಅವರಲ್ಲಿ ಹೆಚ್ಚಿನವರು ಶೆರ್ಪಾಗಳು. ಪರರ ಆರೋಹಣಕ್ಕಾಗಿ ದುಡಿಯುತ್ತಿದ್ದವರು. ಎತ್ತರದ ಅಂಕಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವಾಗ, ಆ ಎತ್ತರಕ್ಕೆ ಹೊರೆ ಹೊತ್ತವರು ಯಾರೆಂಬುದನ್ನೂ ಒಂದು ಮಾತಿನಲ್ಲಿ ತಿಳಿಸಿದರೆ ಇತಿಹಾಸದ ಪಾಠ ಪೂರ್ಣವಾದೀತು.