ಒಂದು ಠಸ್ಸೆಯ ಹಿಂದುಮುಂದು



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಪತ್ರ ಬರೆದವರಿಗೆಲ್ಲ ಒಂದು ಸಾಲಿನ ಉತ್ತರವನ್ನಾದರೂ ಕಳಿಸಬೇಕು ಎಂಬುದು ನಾನು ಮೈಕಿನ ಮುಂದೆ ಕೂತ ಮೊದಲ ದಿನದಿಂದ ಇಟ್ಟುಕೊಂಡು ಬಂದ ಆಸೆ. ಈಗ ನಿಮ್ಮಲ್ಲಿ ಹೆಚ್ಚಿನವರು ಮೊಬೈಲಿನಲ್ಲೇ ಸಂದೇಶ ಕಳಿಸುತ್ತೀರಿ, ನಿಜ. ಆದರೂ ತಾಂಬರಂನಿಂದ, ಅಂಬತ್ತೂರಿನಿಂದ, ಪೆರಂಬೂರಿನಿಂದ ಕಾರ್ಡು ಬರೆಯುವವರು ಇನ್ನೂ ಇದ್ದೀರಿ. ಉತ್ತರದ ಕಾರ್ಡಿನ ಮೂಲೆಯಲ್ಲಿ ‘ಧನ್ಯವಾದ’ ಎಂದು ಕನ್ನಡದಲ್ಲೇ ಒಂದು ಠಸ್ಸೆ ಒತ್ತಿದರೆ ಎಷ್ಟು ಚೆನ್ನ ಅಂದುಕೊಂಡು, ಮನೆಯ ಹತ್ತಿರವೇ ಇರುವ ಪಲ್ಲಾವರಂ ಬಜಾರಿನ ಒಂದು ಅಂಗಡಿಗೆ ಹೋದೆ. ಅವರೂ ಸಂತೋಷದಿಂದಲೇ ಒಪ್ಪಿಕೊಂಡರು. ಮರುದಿನ ಕೈಗೆ ಬಂದ ಠಸ್ಸೆ ನೋಡಿದರೆ ‘ನ್’ ಬೇರೆ, ಅದರ ಪಕ್ಕದಲ್ಲಿ ಪೂರ್ತಿ ‘ಯ’ ಬೇರೆ! ಒತ್ತಕ್ಷರ ಕೆಳಗಿಳಿದೇ ಇರಲಿಲ್ಲ. ಅವರ ಕಂಪ್ಯೂಟರಿಗೆ ಕನ್ನಡದ ಒತ್ತು ಗೊತ್ತಿಲ್ಲ, ಅವರಿಗೆ ಕನ್ನಡ ಗೊತ್ತಿಲ್ಲ. ಜಗಳವಾಡಲು ನನಗೂ ಮನಸ್ಸಾಗಲಿಲ್ಲ.

ಆ ರಾತ್ರಿ ಮಗನ ಕಂಪಾಸ್ ಡಬ್ಬಿಯಿಂದ ಒಂದು ಬಿಳಿ ರಬ್ಬರು, ಅಡುಗೆಮನೆಯ ಡ್ರಾಯರಿನಿಂದ ಒಂದು ಬ್ಲೇಡು ತೆಗೆದುಕೊಂಡು ಕೂತೆ. ಅಳಿಸುವ ವಸ್ತುವಿನಲ್ಲಿ ಬರೆಯಲು ಹೊರಟಿದ್ದೆ ಅನ್ನಿ! ಎರಡು ಗಂಟೆ ಕೆತ್ತಿ, ಇಂಕಿನ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಇಟ್ಟು ತೆಗೆದಾಗ ಅಚ್ಚಾಗಿದ್ದದ್ದು ‘ದನ್ಯವಾದ’. ‘ಧ’ದ ಕೆಳಗಿನ ಸೀಳುಗೆರೆ ಕಿತ್ತುಹೋಗಿತ್ತು. ‘ಧನ’ ಎಂದು ಬರೆಯಲು ಹೋಗಿ ‘ದನ’ ಬರೆದು ಮೇಷ್ಟ್ರ ಕೈಲಿ ಏಟು ತಿಂದವಳು ನಾನು. ಬಿ.ಎ.ನಲ್ಲಿ ಕನ್ನಡವನ್ನೇ ಓದಿ, ಈ ವಯಸ್ಸಿನಲ್ಲಿ ಮತ್ತೆ ಅದೇ ತಪ್ಪು! ಆದರೂ ನಾಚಿಕೆ ಬಿಟ್ಟು ಅದನ್ನೇ ಏಳೆಂಟು ಕಾರ್ಡುಗಳಿಗೆ ಒತ್ತಿ ಅಂಚೆಗೆ ಹಾಕಿದೆ. ಅದರ ಫಲವೇನಾಯಿತು ಎನ್ನುವುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಒತ್ತುವ ವಿದ್ಯೆಯ ಹಳೆಯ ಕತೆ ಸ್ವಲ್ಪ ಕೇಳಿ.

ಕೈಯಲ್ಲಿ ಹಿಡಿಯುವ ಈ ಒಂದು ಸಣ್ಣ ವಸ್ತುವಿಗೆ ನಮ್ಮಲ್ಲಿ ಎಷ್ಟು ಹೆಸರು ನೋಡಿ. ಸಂಸ್ಕೃತದಿಂದ ಬಂದ ಮುದ್ರೆ, ಪಾರಸಿಯಿಂದ ಬಂದ ಮೊಹರು, ಮರಾಠಿಯ ಕಡೆಯಿಂದ ಬಂದ ಠಸ್ಸೆ, ಇಂಗ್ಲಿಷಿನ ಸೀಲು. ನಮ್ಮದೇ ಆದ ‘ಅಚ್ಚು’ ಇವೆಲ್ಲದರ ನಡುವೆ ತಣ್ಣಗೆ ಕೂತಿದೆ. ಒಬ್ಬೊಬ್ಬ ಅರಸನ ಕಾಲದಲ್ಲೂ ಕಚೇರಿಯ ಭಾಷೆ ಬದಲಾದ ಹಾಗೆ ಹೆಸರು ಬದಲಾಯಿತು, ಕೆಲಸ ಮಾತ್ರ ಅದೇ ಉಳಿಯಿತು.

ಚಾಲುಕ್ಯರ ತಾಮ್ರಶಾಸನಗಳನ್ನು ನೀವು ವಸ್ತುಸಂಗ್ರಹಾಲಯಗಳಲ್ಲಿ ನೋಡಿರಬಹುದು. ತಾಮ್ರದ ಹಲಗೆಗಳನ್ನು ಒಂದು ಬಳೆಗೆ ಪೋಣಿಸಿ, ಬಳೆಯ ತುದಿಗಳು ಕೂಡುವಲ್ಲಿ ವರಾಹದ ಮುದ್ರೆ ಇಟ್ಟಿರುತ್ತಾರೆ. ಬಳೆ ಮುರಿಯದೆ ಹಲಗೆ ಬದಲಿಸುವಂತಿಲ್ಲ. ರಾಷ್ಟ್ರಕೂಟರಿಗೆ ಗರುಡ, ಗಂಗರಿಗೆ ಆನೆ. ಓದು ಬಾರದ ರೈತನೂ ಆ ಪ್ರಾಣಿಯನ್ನು ನೋಡಿ ಇದು ಯಾರ ಮಾತು ಎಂದು ತಿಳಿಯುತ್ತಿದ್ದ.

ಮುದ್ರೆ ಕೈತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕವೇ ಇದೆಯಲ್ಲ! ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರುತ್ತದೆ. ಅದರಿಂದ ಮುದ್ರೆಯೊತ್ತಿದ ಒಂದು ಸುಳ್ಳು ಪತ್ರಕ್ಕೆ ಇಡೀ ಸಂಚು ಕುಸಿದುಬೀಳುತ್ತದೆ. ಈ ಕತೆಯನ್ನೇ ಹಿಡಿದು ಕೆಂಪುನಾರಾಯಣ 1823ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ, ‘ಮುದ್ರಾಮಂಜೂಷ’ ಎಂಬ ಗದ್ಯಕೃತಿ ಬರೆದ. ಮುದ್ರೆಯ ಪೆಟ್ಟಿಗೆ ಎಂದು ಅರ್ಥ. ಹೊಸಗನ್ನಡ ಗದ್ಯದ ಚರಿತ್ರೆ ಹೇಳುವವರು ಈ ಪುಸ್ತಕವನ್ನು ಬಿಡುವುದಿಲ್ಲ. ಈ 1823 ಎಂಬ ಇಸವಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಅರಮನೆಯ ಮುದ್ರೆ ಹಾಗಿರಲಿ, ನಮ್ಮ ಮನೆಗಳಲ್ಲೇ ಏನು ಕಡಿಮೆ ಇತ್ತೇ? ನಮ್ಮ ತಾತ ಬೆಳಗಿನ ಸ್ನಾನವಾದ ಮೇಲೆ ಗೋಪೀಚಂದನ ತೇಯ್ದು, ಹಿತ್ತಾಳೆಯ ಪುಟ್ಟ ಮುದ್ರೆಗಳಿಂದ ತೋಳಿಗೂ ಎದೆಗೂ ಶಂಖ ಚಕ್ರ ಒತ್ತಿಕೊಳ್ಳುತ್ತಿದ್ದರು. ಮಾಧ್ವರ ಮನೆಗಳಲ್ಲಿ ಆ ಮುದ್ರೆಗಳ ಡಬ್ಬಿ ಇಂದಿಗೂ ಇರುತ್ತದೆ. ಸಂಕ್ರಾಂತಿ ಬಂತೆಂದರೆ ಅಜ್ಜಿ ಅಟ್ಟದಿಂದ ಸಕ್ಕರೆ ಅಚ್ಚಿನ ಮರದ ಹಲಗೆಗಳನ್ನು ಇಳಿಸುತ್ತಿದ್ದರು. ಗಿಳಿ, ಆನೆ, ತುಳಸಿಕಟ್ಟೆ ಎಲ್ಲವೂ ಮರದಲ್ಲಿ ಹಳ್ಳವಾಗಿ, ಎಡಬಲ ಅದಲುಬದಲಾಗಿ ಕೂತಿರುತ್ತಿದ್ದವು. ಅಚ್ಚು ಕೆತ್ತುವ ಆಚಾರಿ ಬಲಮುರಿ ಗಣಪತಿಯನ್ನು ಮೂಡಿಸಬೇಕಾದರೆ ಎಡಮುರಿಯನ್ನು ಕೆತ್ತಬೇಕು. ಕೆತ್ತುವವರ ಮೊದಲ ಪಾಠವೇ ಇದು.

ಇನ್ನು ರಬ್ಬರಿನ ವಿಚಾರ. ಅದು ಈ ಕತೆಗೆ ಬಹಳ ತಡವಾಗಿ ಬಂದ ಅತಿಥಿ. 1770ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಪೆನ್ಸಿಲ್ಲಿನ ಗುರುತನ್ನು ಒರೆಸಲು ಈ ಮರದ ಅಂಟು ಬಹಳ ಒಳ್ಳೆಯದು ಎಂದು ಬರೆದಿಟ್ಟ. ಉಜ್ಜುವುದು ಎಂಬ ಅರ್ಥದ ‘ರಬ್’ನಿಂದಲೇ ರಬ್ಬರ್ ಎಂಬ ಹೆಸರು ಬಂತು. ಅಂದರೆ ಚಪ್ಪಲಿ, ಟೈರು, ಠಸ್ಸೆ ಎಲ್ಲಕ್ಕೂ ಮೊದಲು ಅದು ಅಳಿಸುವ ರಬ್ಬರೇ! ಆದರೆ ಬೇಸಿಗೆಯಲ್ಲಿ ಅಂಟಂಟು, ಚಳಿಯಲ್ಲಿ ಕಲ್ಲು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದಾಗ ಅದು ಹದಕ್ಕೆ ಬಂತು. 1860ರ ದಶಕದಲ್ಲಿ ಅಮೆರಿಕದಲ್ಲಿ ರಬ್ಬರ್ ಠಸ್ಸೆ ಕಾಣಿಸಿಕೊಂಡಿತು. ನಾನೇ ಮೊದಲು ಮಾಡಿದ್ದು ಎಂದವರು ಒಬ್ಬರಿಗಿಂತ ಹೆಚ್ಚು.

ಹಳೆಯ ಕ್ರಮದಲ್ಲಿ ಠಸ್ಸೆ ಮಾಡುತ್ತಿದ್ದದ್ದು ಹೀಗೆ: ಮೊದಲು ಅಚ್ಚುಕೂಟದ ಸೀಸದ ಮೊಳೆಗಳನ್ನು ಜೋಡಿಸಬೇಕು. ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಒತ್ತಿ ಹಳ್ಳದ ಅಚ್ಚು ತೆಗೆಯಬೇಕು. ಆ ಹಳ್ಳಕ್ಕೆ ಹಸಿ ರಬ್ಬರಿನ ಹಾಳೆ ಇಟ್ಟು ಬಿಸಿಯಲ್ಲಿ ಅದುಮಿದರೆ ಅಕ್ಷರ ಉಬ್ಬಿ ಬರುತ್ತದೆ. ಕತ್ತರಿಸಿ ಮರದ ಹಿಡಿಗೆ ಅಂಟಿಸಿದರೆ ಮುಗಿಯಿತು. ಆದ್ದರಿಂದ ಊರಿನಲ್ಲಿ ಯಾವ ಭಾಷೆಯ ಮೊಳೆ ಇದೆಯೋ ಆ ಭಾಷೆಯ ಠಸ್ಸೆ ಮಾತ್ರ ಸಿಗುತ್ತಿತ್ತು. ಹಾಗಾದರೆ ಮದರಾಸಿನಲ್ಲಿ ಕನ್ನಡದ ಮೊಳೆ ಇತ್ತೇ? ಇತ್ತು ಮಾತ್ರವಲ್ಲ, ಬೆಂಗಳೂರು ಮಂಗಳೂರುಗಳಿಗಿಂತ ಮೊದಲೇ ಇತ್ತು!

ಕನ್ನಡದ ಅಕ್ಷರ ಅಚ್ಚಾದದ್ದು ಮೊದಲು ದೂರದ ಬಂಗಾಳದಲ್ಲಿ. ಶ್ರೀರಾಮಪುರದ ವಿಲಿಯಂ ಕೇರಿಯ ವ್ಯಾಕರಣ 1817ರದು. ಮೂರೇ ವರ್ಷದಲ್ಲಿ, 1820ರಲ್ಲಿ, ಜಾನ್ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ ಮದರಾಸಿನಲ್ಲಿ ಅಚ್ಚಾಯಿತು. ಕಂಪನಿಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆ ಕಲಿಸಲು 1812ರಲ್ಲಿ ಇಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಶುರುವಾಗಿತ್ತು. ಬಳ್ಳಾರಿಯೂ ಕನ್ನಡ ಜಿಲ್ಲೆಯೂ ಆಗ ಮದರಾಸಿನ ಆಳ್ವಿಕೆಯಲ್ಲಿದ್ದವು. ಅಧಿಕಾರಿಗಳು ಕನ್ನಡ ಕಲಿಯದೆ ಕಂದಾಯ ವಸೂಲಾಗುವುದು ಹೇಗೆ? ಆಮೇಲೆ ಬಳ್ಳಾರಿಯ ಮಿಷನರಿ ವಿಲಿಯಂ ರೀವ್ ಅವರ ನಿಘಂಟು ಎರಡು ಭಾಗವಾಗಿ, 1824ರಲ್ಲಿ ಮತ್ತು 1832ರಲ್ಲಿ, ಇಲ್ಲೇ ಹೊರಬಂತು. ಮಂಗಳೂರಿನ ಬಾಸೆಲ್ ಮಿಷನ್ನಿನ ಅಚ್ಚುಕೂಟ ಶುರುವಾದದ್ದು 1841ರಲ್ಲಿ, ಅದೂ ಕಲ್ಲಚ್ಚಿನಿಂದ. ಕೆಂಪುನಾರಾಯಣ ಮೈಸೂರಿನಲ್ಲಿ ಕೂತು ಮುದ್ರೆಯ ಕತೆ ಬರೆಯುತ್ತಿದ್ದ ಆ 1823ರಲ್ಲಿ, ಮದರಾಸಿನ ಯಾವುದೋ ಅಚ್ಚುಕೂಟದಲ್ಲಿ ಒಬ್ಬ ಕನ್ನಡದ ಮೊಳೆಗಳನ್ನು ತಿರುವುಮುರುವಾಗಿ ಜೋಡಿಸುತ್ತಾ ಕೂತಿದ್ದ ಎಂದು ನೆನೆದರೆ ನನಗಂತೂ ಮೈ ಜುಮ್ಮೆನ್ನುತ್ತದೆ. ಅವನ ಹೆಸರು ಯಾವ ಪುಸ್ತಕದ ಮುಖಪುಟದಲ್ಲೂ ಅಚ್ಚಾಗಿಲ್ಲ. ಮುಂದೆ 1930ರಲ್ಲಿ ‘ಕವಿರಾಜಮಾರ್ಗ’ದ ಒಂದು ಮುಖ್ಯ ಪರಿಷ್ಕರಣವನ್ನು ಹೊರತಂದದ್ದು ಕೂಡ ಮದರಾಸು ವಿಶ್ವವಿದ್ಯಾಲಯವೇ.

ಈಗ ನನ್ನ ‘ದನ್ಯವಾದ’ಕ್ಕೆ ಬರೋಣ. ಕಾರ್ಡು ಕಳಿಸಿದ ಹತ್ತನೇ ದಿನ ಪಲ್ಲಾವರಂನಿಂದಲೇ ಒಂದು ಉತ್ತರ ಬಂತು. ಅಕ್ಷರ ದೊಡ್ಡದು, ಸಾಲು ಓರೆ. “ಕಾರ್ಡು ತಲುಪಿತು. ಸಂತೋಷ. ಆದರೆ ‘ಧ’ದ ಪ್ರಾಣ ಹೋಗಿದೆ. ಒಮ್ಮೆ ಬಂದು ಹೋಗಿ.” ಅಷ್ಟೇ! ಭಾನುವಾರ ಹುಡುಕಿಕೊಂಡು ಹೋದೆ. ರೈಲು ನಿಲ್ದಾಣದಿಂದ ಕೂಗಳತೆಯ ಮನೆ. ಹುಡುಗನಾಗಿದ್ದಾಗ ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಮದರಾಸಿಗೆ ಬಂದು, ಆಮೇಲೆ ಇಲ್ಲಿನ ಒಂದು ಅಚ್ಚುಕೂಟ ಸೇರಿ, ಮೂವತ್ತು ವರ್ಷ ಕನ್ನಡ ಮೊಳೆ ಜೋಡಿಸಿದವರು ಅವರು. ಈಗ ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದಕ್ಕೆ ಭೂತಗನ್ನಡಿ ಬೇಕು.

ನಾನು ಕೊಟ್ಟ ರಬ್ಬರನ್ನು ಅವರು ಕಣ್ಣಿಗೆ ಹಿಡಿಯಲೇ ಇಲ್ಲ. ಹೆಬ್ಬೆರಳಿನಿಂದ ಒಮ್ಮೆ ಸವರಿದರು. “ಬಲದಿಂದ ಎಡಕ್ಕೆ ಕೆತ್ತಿದ್ರಿ ಅಲ್ಲವಾ?” ಎಂದರು. ಹೌದು ಸಾರ್, ತಿರುವುಮುರುವು ಅಂದರೆ ಹಾಗೇ ಅಲ್ಲವೇ, ಎಂದೆ. “ಕಾಣಿ ಅಮ್ಮ, ಇದನ್ನು ತಲೆಕೆಳಗೆ ಮಾಡಿ. ಈಗ ಎಡದಿಂದ ಓದಿ.”

ಕೇಳುಗರೇ, ನೀವೂ ಒಂದು ಹಳೆಯ ಠಸ್ಸೆ ಸಿಕ್ಕರೆ ಹೀಗೇ ಮಾಡಿ ನೋಡಿ. ಠಸ್ಸೆಯನ್ನು ತಲೆಕೆಳಗೆ ಹಿಡಿದರೆ ಅಕ್ಷರಗಳು ಎಡದಿಂದ ಬಲಕ್ಕೇ ಸಾಲಾಗಿ ನಿಲ್ಲುತ್ತವೆ! ಕೊಂಬು ಬಲಕ್ಕೇ ಇರುತ್ತದೆ, ತಲೆಕಟ್ಟಿನ ತುದಿಯೂ ಬಲಕ್ಕೇ. ಒತ್ತಕ್ಷರ ಮಾತ್ರ ತಲೆಯ ಮೇಲೆ ಏರಿ ಕೂರುತ್ತದೆ, ತಲೆಕಟ್ಟು ಕಾಲಡಿಗೆ ಇಳಿಯುತ್ತದೆ. ಮೊಳೆ ಜೋಡಿಸುವವರು ಜೀವಮಾನವಿಡೀ ಓದಿದ್ದು ಹೀಗೆ. ಪ್ರತಿ ಮೊಳೆಯ ಮೈಮೇಲೂ ಒಂದು ಗೀರು ಇರುತ್ತದೆ, ಹೆಬ್ಬೆರಳಿಗೆ ಆ ಗೀರು ಸಿಕ್ಕರೆ ಅಕ್ಷರದ ಅಡಿ ಯಾವುದು ಮುಡಿ ಯಾವುದು ಎಂದು ನೋಡದೆಯೇ ತಿಳಿಯುತ್ತದೆ. ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಖಾನೆಗಳು. ಯಾವ ಖಾನೆಯಲ್ಲಿ ಯಾವ ಮೊಳೆ ಎನ್ನುವುದು ಕೈಗೇ ಗೊತ್ತಿರುತ್ತಿತ್ತು. ತಪ್ಪಾದರೆ ‘ಮುದ್ರಾರಾಕ್ಷಸನ ಹಾವಳಿ’ ಎಂದು ನಾವು ನಗುತ್ತಿದ್ದೆವು. ಆ ರಾಕ್ಷಸನ ಜೊತೆ ದಿನಾ ಹೆಣಗಿದವರು ಇಂಥವರು.

‘ಧ’ದ ಪ್ರಾಣ ಹೋಗಲು ಕಾರಣವನ್ನೂ ಅವರೇ ಹೇಳಿದರು. ನಾನು ಗೆರೆಯ ಪಕ್ಕದ ರಬ್ಬರನ್ನು ನೇರಕ್ಕೆ, ಸ್ವಲ್ಪ ಒಳಕ್ಕೇ ಕಡಿದಿದ್ದೆ. ಬುಡ ಸಣ್ಣಗಾಗಿ ಗೆರೆ ಕಿತ್ತುಬಂತು. ಸೀಸದ ಮೊಳೆಯಲ್ಲಿ ಅಕ್ಷರದ ಬುಡ ಮೇಲಿಗಿಂತ ಅಗಲ, ಗುಡ್ಡದ ಇಳಿಜಾರಿನ ಹಾಗೆ. ಬ್ಲೇಡನ್ನು ಹೊರಕ್ಕೆ ಓರೆ ಹಿಡಿಯಬೇಕು. ಮತ್ತೊಂದು ಮಾತು: ಅಕ್ಷರವನ್ನು ತಿರುವಿ ಬರೆಯುವ ಕಷ್ಟವೇ ಬೇಡ. ಬೆಣ್ಣೆಕಾಗದದ ಮೇಲೆ ಮೆತ್ತಗಿನ ಪೆನ್ಸಿಲ್ಲಿನಿಂದ ಸರಿಯಾಗಿಯೇ ಬರೆದು, ಅದನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿದರೆ ತಾನಾಗಿಯೇ ತಿರುವಿಕೊಂಡು ಕೂರುತ್ತದೆ. (ಯಾವ ಕಚೇರಿಯ ಮೊಹರನ್ನೂ ಮಾತ್ರ ಕೆತ್ತಬೇಡಿ. ರಾಕ್ಷಸನ ಪಾಡು ನೆನಪಿರಲಿ!)

ಈ ಹವ್ಯಾಸಕ್ಕೆ ಹೊರಗೆಲ್ಲ ಎಷ್ಟು ಗೌರವವಿದೆ ಗೊತ್ತೇ? ಜಪಾನಿನಲ್ಲಿ ನ್ಯಾನ್ಸಿ ಸೆಕಿ (1962–2002) ಎಂಬಾಕೆ ಟೀವಿ ತಾರೆಯರ ಮುಖಗಳನ್ನು ಅಳಿಸುವ ರಬ್ಬರಿನಲ್ಲಿ ಕೆತ್ತಿ, ತಮ್ಮ ಅಂಕಣಗಳ ಜೊತೆ ಅಚ್ಚು ಹಾಕಿಸಿ ಮನೆಮಾತಾಗಿದ್ದರು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ, ಬಂದವರು ತಮ್ಮ ಹೆಸರಿನ ಚೀಟಿ ಹಾಕಲೆಂದು ಒಂದು ಸೀಸೆ ಇಟ್ಟನಂತೆ. ಅದು ಬೆಳೆದು, ಗುಡ್ಡಗಾಡಿನಲ್ಲಿ ಡಬ್ಬಿ ಬಚ್ಚಿಟ್ಟು, ಅದರೊಳಗಿನ ಠಸ್ಸೆಯನ್ನು ತಮ್ಮ ಪುಸ್ತಕಕ್ಕೆ ಒತ್ತಿಕೊಳ್ಳುವ ಆಟವಾಯಿತು. 1998ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಇದರ ಬಗ್ಗೆ ಲೇಖನ ಬಂದ ಮೇಲೆ ಅಲ್ಲೂ ಹಬ್ಬಿ, ಸ್ವಂತ ಕೈಯಿಂದ ಕೆತ್ತಿದ ಠಸ್ಸೆಗೇ ಹೆಚ್ಚು ಬೆಲೆ ಎಂದಾಯಿತು.

ನಮ್ಮ ಪಲ್ಲಾವರಂ ಏನು ಕಡಿಮೆಯೇ! 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಕಂಟೋನ್ಮೆಂಟ್ ಮೈದಾನದ ಹಳ್ಳವೊಂದರಲ್ಲಿ ಶಿಲಾಯುಗದ ಕಲ್ಲಿನ ಆಯುಧ ಎತ್ತಿಕೊಂಡರು. ಭಾರತದಲ್ಲಿ ಹಳೆ ಶಿಲಾಯುಗದ ಅಧ್ಯಯನ ಶುರುವಾದದ್ದೇ ಆ ದಿನ. ನಮ್ಮ ಬಳ್ಳಾರಿ ಸೀಮೆಯ ನೆಲೆಗಳನ್ನು ಜಗತ್ತಿಗೆ ತೋರಿಸಿಕೊಟ್ಟವರೂ ಇದೇ ಫೂಟ್. ಕಡಿಯುವ ಕೆಲಸಕ್ಕೆ ಇದಕ್ಕಿಂತ ಹಳೆಯ ವಿಳಾಸ ಬೇಕೇ? ಶುಕ್ರವಾರದ ಸಂತೆಯಲ್ಲಿ ಹಳೆಯ ಕಬ್ಬಿಣ, ಹಳೆಯ ರೇಡಿಯೋಗಳ ನಡುವೆ ಹುಡುಕಿದರೆ ಮುಚ್ಚಿಹೋದ ಕಂಪನಿಗಳ ಠಸ್ಸೆಗಳೂ ಸಿಗುತ್ತವೆ. ನಾನು ಮೂರು ವಾರ ಹುಡುಕಿದೆ. ತಮಿಳು, ಇಂಗ್ಲಿಷು, ಒಂದು ತೆಲುಗು ಸಿಕ್ಕಿತು. ಕನ್ನಡದ್ದು ಒಂದೂ ಸಿಗಲಿಲ್ಲ.

ಹಿರಿಯರ ಮನೆಗೆ ಈಗ ಭಾನುವಾರಗಳಲ್ಲಿ ಹೋಗುತ್ತಿರುತ್ತೇನೆ. ಏಳನೇ ತರಗತಿಯ ಮೊಮ್ಮಗಳೊಬ್ಬಳಿದ್ದಾಳೆ. ಶಾಲೆಯಲ್ಲಿ ತಮಿಳು, ಇಂಗ್ಲಿಷು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಮೊದಲ ದಿನ ಬಾಗಿಲ ಹಿಂದೆ ನಿಂತು ನೋಡಿದವಳು ಎರಡನೇ ವಾರ ತಾನೂ ಒಂದು ರಬ್ಬರು ಹಿಡಿದು ಕೂತಳು. ಅಜ್ಜ ಬೆಣ್ಣೆಕಾಗದದ ಮೇಲೆ ನಡುಗುವ ಕೈಯಿಂದ ‘ಅಜ್ಜ’ ಎಂದು ಬರೆದುಕೊಟ್ಟರು. ನನಗೆ ಆರು ರಬ್ಬರು ಹಾಳಾದ ಕೆಲಸ ಅವಳಿಗೆ ಮೊದಲ ಸಲಕ್ಕೇ ಬಂತು. ಅಕ್ಷರ ಗೊತ್ತಿಲ್ಲದವಳಿಗೆ ಸರಿಯೂ ಒಂದೇ, ತಲೆಕೆಳಗೂ ಒಂದೇ. ಗೆರೆಯನ್ನು ಗೆರೆಯಾಗಿ ನೋಡುತ್ತಾಳೆ. ಅಜ್ಜ ಹೆಬ್ಬೆರಳಿನಿಂದ ಸವರಿ, “ಒತ್ತು ಸ್ವಲ್ಪ ದಪ್ಪವಾಯಿತು” ಎಂದರು. ಅವಳು ಕಾಗದದ ಮೇಲೆ ಒತ್ತಿ, ಬೆರಳಿಟ್ಟು ಕೇಳಿದಳು: “ಇದರಲ್ಲಿ ‘ಜ’ ಯಾವುದು?” ಅಂದಿನಿಂದ ವಾರಕ್ಕೊಂದು ಅಕ್ಷರ ನಡೆದಿದೆ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ‘ಮ’ದವರೆಗೆ ಬಂದಿರುತ್ತಾಳೆ.

ನನ್ನ ಹೊಸ ‘ಧನ್ಯವಾದ’ ಸಿದ್ಧವಾಗಿದೆ, ಪ್ರಾಣಸಮೇತ. ಹಳೆಯ ‘ದನ್ಯವಾದ’ದ ಕಾರ್ಡು ತಲುಪಿದವರು ಒಂದು ಸಾಲು ಬರೆಯಿರಿ, ಬದಲಿ ಕಾರ್ಡು ಕಳಿಸುತ್ತೇನೆ.