ಸಂಗನಕಲ್ಲಿನ ಕೊಡಲಿ

ಮನೆಗೆ ಮೊದಲ ಕೊಡಲಿಯನ್ನು ಕೊಳ್ಳುವವರು ಇಂದು ಉಕ್ಕು, ತೂಕ, ಕಾವಿನ ಮರ ಇವನ್ನು ನೋಡುತ್ತಾರೆ. ಬಳ್ಳಾರಿಯ ಸಮೀಪದ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳಲ್ಲಿ ಸುಮಾರು 4000 ವರ್ಷಗಳ ಹಿಂದೆ ಬಾಳಿದ ನವಶಿಲಾಯುಗದವರು ನೋಡಬೇಕಾಗಿದ್ದುದು ಕಲ್ಲಿನ ಕಣವನ್ನು. ಒಲೆಗೆ ಸೌದೆ, ದನದ ದೊಡ್ಡಿಗೆ ಬೇಲಿ, ಗುಡಿಸಲಿಗೆ ಗೂಟ: ಎಲ್ಲಕ್ಕೂ ಕೊಡಲಿ ಬೇಕಿದ್ದೀತು. ಸುತ್ತ ಇದ್ದುದು ಗ್ರಾನೈಟ್. ಅದರ ಒರಟು ಹರಳು ಹರಿತವಾದ ಬಾಯಿಗೆ ಒಗ್ಗದು. ಆದರೆ ಆ ಗ್ರಾನೈಟನ್ನು ಸೀಳಿಕೊಂಡು ಹಿರೇಗುಡ್ಡದಲ್ಲಿ ಕಪ್ಪು ಡಾಲರೈಟಿನ ಪಟ್ಟಿಯೊಂದು ಹಾದುಹೋಗಿದೆ. ನುಣುಪಾದ ಕಣ, ಬಿಗಿಯಾದ ಮೈ. ಅದರಿಂದ ಚಕ್ಕೆ ಎಬ್ಬಿಸಿ ರೂಪಕ್ಕೆ ತಂದು, ಏಣುಗಳನ್ನು ಕುಟ್ಟಿ ತಗ್ಗಿಸಿ, ಕೊನೆಗೆ ಬಂಡೆಯ ಮೇಲೆ ಉಜ್ಜಿ ಬಾಯಿ ಬರಿಸುತ್ತಿದ್ದರು. ಹಾಗೆ ಮಸೆದು ಸವೆದ ಗುಳಿಗಳು ಬಂಡೆಗಳ ಮೇಲೆ ಉಳಿದಿವೆ. ಉಜ್ಜುವುದು ಬಲು ಬೇಸರದ ದುಡಿಮೆ. ಆದರೆ ಮೊಂಡಾದದ್ದನ್ನು ಎಸೆಯದೆ ಮತ್ತೆ ಮಸೆಯಬಹುದಿತ್ತು. ಕೊಡಲಿಯ ಆಯ್ಕೆಯಲ್ಲಿ ಇದಕ್ಕಿಂತ ಮೇಲಾದ ಗುಣ ನನಗಂತೂ ಕಾಣದು.

1863ರಲ್ಲಿ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಕಂಡ ರಾಬರ್ಟ್ ಬ್ರೂಸ್ ಫೂಟ್ ಅವರೇ ಮುಂದೆ ಬಳ್ಳಾರಿ ಸೀಮೆಯ ಈ ನುಣುಪು ಕೊಡಲಿಗಳನ್ನೂ ಆಯ್ದರು. ಅವರ ಸಂಗ್ರಹ 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. (ಚೆನ್ನೈ ಕನ್ನಡಿಗರಿಗೆ ಎಗ್ಮೋರ್ ಏನು ಮಹಾ ದೂರ!)

ಬೆಟ್ಟದ ಪಾಡು ಬೇರೆ. ಕಪ್ಪಗಲ್ಲಿನಲ್ಲಿ ಬಡಿದರೆ ಗಂಟೆಯಂತೆ ನುಡಿಯುವ ಡಾಲರೈಟ್ ಬಂಡೆಗಳಿವೆ, ಬಂಡೆಯ ಮೈಮೇಲೆ ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳಿವೆ. ಕಲ್ಲುಗಣಿಯ ಸುತ್ತಿಗೆ ಅವುಗಳಲ್ಲಿ ಕೆಲವನ್ನು ಈಗಾಗಲೇ ಒಡೆದುಹಾಕಿದೆ.